ಮುಷ್ಕರಕ್ಕಿಂತ ಮೊದಲೇ ಕೆಲಸ ಹೋಗುತ್ತದೆ

ನಾಳೆ ಬಂದ್ ಎಂದು ಸುದ್ದಿ ಬಂದರೆ ನಾವೇನು ಮಾಡುತ್ತೇವೆ ಹೇಳಿ? ಇವತ್ತೇ ಹಾಲು, ಸೊಪ್ಪು, ತರಕಾರಿ ಹೆಚ್ಚಿಗೆ ತಂದಿಟ್ಟುಕೊಳ್ಳುತ್ತೇವೆ. ಬಂದ್ ನಡೆಯದಿದ್ದರೂ ಮರುದಿನ ಸೊಪ್ಪಿನವಳ ಬುಟ್ಟಿ ಖಾಲಿಯಾಗೋಲ್ಲ. ಅಮೆರಿಕದ ಹಾಲಿವುಡ್ಡಿನಲ್ಲಿ 2001ರಲ್ಲಿ ಆದದ್ದೂ ಇದೇ.

ಅಲ್ಲಿ ಕಥೆ, ಸಂಭಾಷಣೆ ಬರೆಯುವವರಿಗೊಂದು ಸಂಘ, ನಟನಟಿಯರಿಗೊಂದು ಸಂಘ. ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ನಿರ್ಮಾಪಕರೊಡನೆ ಕರಾರು. ಆ ವರ್ಷ ಬರಹಗಾರರ ಕರಾರು ಮೇ ಮೊದಲಲ್ಲಿ, ನಟರದ್ದು ಜೂನ್ 30ಕ್ಕೆ ಮುಗಿಯುವುದಿತ್ತು. ಹೆದರಿದ ಸ್ಟುಡಿಯೋದವರು ಅಷ್ಟರೊಳಗೇ ಅವಸರವಸರವಾಗಿ ಚಿತ್ರಗಳನ್ನು ಮುಗಿಸಿಕೊಂಡರು. ಮುಷ್ಕರ ಬರಲೇ ಇಲ್ಲ, ರಾಜಿಯಾಯಿತು. ಆದರೆ ಚಿತ್ರಗಳು ಕೈಯಲ್ಲಿದ್ದವಲ್ಲ, ಹೊಸತಕ್ಕೆ ಆತುರವೇನು? ಶೂಟಿಂಗ್ ಇಳಿದೇ ಹೋಯಿತು.

2008ರ ಜೂನ್ 30ರ ಗಡುವಿಗೂ ಅದೇ ಕಥೆ. ಅಷ್ಟರೊಳಗೆ ಮುಗಿಯದ ಚಿತ್ರವನ್ನು ಶುರು ಮಾಡಲು ದೊಡ್ಡ ಸ್ಟುಡಿಯೋಗಳು ಹಿಂಜರಿದವು. ಅರ್ಧಕ್ಕೆ ನಿಂತರೆ ಸೆಟ್ಟಿನ ಬಾಡಿಗೆ, ಸಾಲದ ಬಡ್ಡಿ ಯಾರು ಕಟ್ಟುತ್ತಾರೆ? ಚಿತ್ರ ಪೂರ್ತಿಯಾಗುತ್ತದೆಂದು ಜಾಮೀನು ನಿಲ್ಲುವ ಕಂಪನಿಗಳೂ ಹಿಂದೇಟು ಹಾಕಿದವು. ಆಗಲೂ ನಟರು ಮುಷ್ಕರ ಹೂಡಲಿಲ್ಲ. ಕರಾರು ಮಾತ್ರ ಮುಂದಿನ ವರ್ಷಕ್ಕೆ ಹೋಯಿತು. ಟೀವಿಯವರೂ ಹೀಗೇ. 2007ರಲ್ಲಿ ಕಂತುಗಳ ಕಥೆ ಮೊದಲೇ ಬರೆಸಿ ಕೂಡಿಟ್ಟರು. ಆ ಸಲ ಬರಹಗಾರರು ನಿಜವಾಗಿಯೇ 100 ದಿನ ಕೆಲಸ ಬಿಟ್ಟರು, ಕೂಡಿಟ್ಟದ್ದು ಸಾಲದೇ ಹೋಯಿತು.

ನನಗೆ ಸಂಕಟವಾಗುವುದು ಪರದೆಯ ಹಿಂದಿನವರ ವಿಷಯ. ಸೆಟ್ಟು ಕಟ್ಟುವ ಬಡಗಿ, ಬಟ್ಟೆ ಹೊಲಿಯುವ ಹೆಂಗಸು, ವ್ಯಾನು ಓಡಿಸುವವನು, ಇವರಿಗೆ ಒಂದು ಚಿತ್ರ ಮುಗಿದರೆ ಇನ್ನೊಂದು ಸಿಗಬೇಕು. ಅವರಲ್ಲಿ ಬಹಳ ಮಂದಿಯ ಆರೋಗ್ಯ ವಿಮೆ ಉಳಿಯಬೇಕಾದರೆ ಆರು ತಿಂಗಳಲ್ಲಿ 400 ಗಂಟೆ ಕೆಲಸ ಆಗಿರಲೇಬೇಕೆಂಬ ನಿಯಮವಿದೆ. ಬೇರೆಯವರ ಕರಾರಿನ ಜಗಳದಲ್ಲಿ ಕೆಲಸ ನಿಂತರೆ ಮಕ್ಕಳ ಔಷಧಿಗೇ ಕುತ್ತು ನೋಡಿ!

ಹಾಗೆಂದು ಮುಷ್ಕರದ ಮಾತೇ ಎತ್ತಬಾರದು ಎನ್ನಲಾರೆ. 2021ರಲ್ಲಿ ಈ ತೆರೆಮರೆಯವರೇ, ಸುಮಾರು 60,000 ಮಂದಿ, ಎದ್ದು ನಿಂತರು. ಕೇಳಿದ್ದಾದರೂ ಏನು? ಹೊತ್ತಿಗೆ ಸರಿಯಾಗಿ ಊಟ, ಕಣ್ತುಂಬ ನಿದ್ದೆ, ಹೆಚ್ಚಿನ ಸಂಬಳ. ಅಕ್ಟೋಬರ್ 18ಕ್ಕೆ ಮುಷ್ಕರ ಎಂದು ದಿನವನ್ನೂ ಗೊತ್ತುಮಾಡಿದರು. 16ಕ್ಕೇ ನಿರ್ಮಾಪಕರು ಒಪ್ಪಂದಕ್ಕೆ ಬಂದರು. ಒಂದು ಪಾಳಿಗೂ ಇನ್ನೊಂದಕ್ಕೂ ನಡುವೆ 10 ಗಂಟೆ ಬಿಡುವು ಸಿಕ್ಕಿತು. ಊಟದ ಹೊತ್ತು ತಪ್ಪಿಸಿದರೆ ನಿರ್ಮಾಪಕರು ತೆರಬೇಕಾದ ದಂಡವೂ ಏರಿತು.