ಮ್ಯಾಕ್ ಅಡ್ರೆಸ್ ಬದಲಾಯಿತೇ? ಕಾರ್ಡನ್ನು ಬೈಯುವ ಮೊದಲು ಇಷ್ಟು ನೋಡಿ

ನಿನ್ನೆಯವರೆಗೆ ಸಲೀಸಾಗಿ ಕೆಲಸ ಮಾಡುತ್ತಿದ್ದ ಲಿನಕ್ಸ್ ಲ್ಯಾಪ್‌ಟಾಪನ್ನು ಕಾಲೇಜಿನ ವೈಫೈ ಇಂದು ಒಳಗೆ ಬಿಡುತ್ತಿಲ್ಲ. ನೋಂದಾಯಿಸಿದ್ದ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ವಿಳಾಸ) ಒಂದು, ಈಗ ಕಾಣುತ್ತಿರುವುದು ಇನ್ನೊಂದು. ಕಾರ್ಡ್ ಕೆಟ್ಟಿದೆ ಎಂದು ಕೆಲವರು, ವೈರಸ್ ಹೊಕ್ಕಿದೆ ಎಂದು ಕೆಲವರು. ಸಾಮಾನ್ಯವಾಗಿ ಎರಡೂ ಅಲ್ಲ. ಕಂಪ್ಯೂಟರಿನೊಳಗಿನದೇ ಒಂದು ತಂತ್ರಾಂಶ ವಿಳಾಸ ಬದಲಿಸಿರುತ್ತದೆ. ಅದು ಯಾವುದೆಂದು ಪತ್ತೆಯಾದರೆ ಅರ್ಧ ಕೆಲಸ ಮುಗಿದಂತೆ.

ತಪ್ಪು ಕಲ್ಪನೆ 1: ಮ್ಯಾಕ್ ಅಡ್ರೆಸ್ ಕಾರ್ಖಾನೆಯಲ್ಲೇ ಅಚ್ಚಾಗಿ ಬರುತ್ತದೆ, ಬದಲಾಗುವುದಿಲ್ಲ.

ಸತ್ಯ: ಕಾರ್ಡಿನಲ್ಲಿ ಬರೆದಿಟ್ಟ 48 ಬಿಟ್‌ಗಳ ಮೂಲ ವಿಳಾಸ ಹಾಗೇ ಉಳಿಯುತ್ತದೆ, ನಿಜ. ಆದರೆ ಕರ್ನಲ್ ಸದ್ಯ ಬಳಸುವ ವಿಳಾಸ ಬೇರೆಯಿರಬಹುದು. ಗಾಡಿಗೆ ಚಾಸಿ ನಂಬರ್ ಒಂದು, ನಂಬರ್ ಪ್ಲೇಟ್ ಇನ್ನೊಂದು ಇದ್ದ ಹಾಗೆ. ನೆಟ್‌ವರ್ಕ್‌ಗೆ ಕಾಣುವುದು ಪ್ಲೇಟ್ ಮಾತ್ರ. ಟರ್ಮಿನಲ್‌ನಲ್ಲಿ ‘ಐಪಿ ಲಿಂಕ್’ ಎಂದು ಕೊಟ್ಟರೆ ಚಾಲ್ತಿ ವಿಳಾಸ ಸಿಗುತ್ತದೆ. ‘ಎಥ್‌ಟೂಲ್’ಗೆ ದೊಡ್ಡಕ್ಷರದ ‘ಪಿ’ ಆಯ್ಕೆ ಸೇರಿಸಿ ಕೇಳಿದರೆ ಮೂಲ ವಿಳಾಸ. ಮೊದಲು ಈ ಎರಡನ್ನೂ ಹೋಲಿಸಿ.

ತಪ್ಪು ಕಲ್ಪನೆ 2: ವಿಳಾಸ ತಾನಾಗಿಯೇ ಬದಲಾದರೆ ಯಾರೋ ಹ್ಯಾಕ್ ಮಾಡಿದ್ದಾರೆ.

ಸತ್ಯ: ಮಾಲ್, ವಿಮಾನ ನಿಲ್ದಾಣಗಳಲ್ಲಿ ಮ್ಯಾಕ್ ಅಡ್ರೆಸ್ ಹಿಡಿದು ಜನರ ಓಡಾಟ ಗುರುತಿಸಲು ಸಾಧ್ಯ. ಅದನ್ನು ತಪ್ಪಿಸಲೆಂದೇ, ಲಿನಕ್ಸ್‌ನಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ವೈಫೈ ಹುಡುಕುವಾಗ ಹುಸಿ ವಿಳಾಸ ತೊಡಬಲ್ಲದು. ಸಂಪರ್ಕಕ್ಕೂ ಹುಸಿ ವಿಳಾಸ ಬಳಸುವ ಆಯ್ಕೆಗಳಿವೆ. ‘ರ‍್ಯಾಂಡಮ್’ ಇದ್ದರೆ ಸೇರಿದಾಗಲೆಲ್ಲ ಹೊಸದು. ‘ಸ್ಟೇಬಲ್’ ಇದ್ದರೆ ಒಂದು ಪ್ರೊಫೈಲ್‌ಗೆ ಒಂದೇ. ಆದರೆ ಪ್ರೊಫೈಲ್ ಅಳಿಸಿ ಮತ್ತೆ ಮಾಡಿದರೆ ವಿಳಾಸವೂ ಹೊಸದಾಗುತ್ತದೆ. ಇಂಥ ವಿಳಾಸಕ್ಕೆ ಗುರುತಿದೆ: ಅದರ ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲೊಂದಾಗಿರುತ್ತದೆ. ಬೇಡವೆಂದಾದರೆ ಆ ಸಂಪರ್ಕದ ಸೆಟ್ಟಿಂಗ್‌ನಲ್ಲಿ ‘ಕ್ಲೋನ್ಡ್ ಅಡ್ರೆಸ್’ ಎಂಬಲ್ಲಿ ‘ಪರ್ಮನೆಂಟ್’ ಆರಿಸಿ.

ತಪ್ಪು ಕಲ್ಪನೆ 3: ಪ್ರತಿ ಬೂಟ್‌ಗೂ ಹೊಸ ವಿಳಾಸ ಬಂದರೆ ಲಿನಕ್ಸನ್ನೇ ಮತ್ತೆ ಹಾಕಬೇಕು.

ಸತ್ಯ: ಮತ್ತೆ ಹಾಕಿದರೂ ಇದು ಹೋಗದಿರಬಹುದು. ಕೆಲವು ಸಣ್ಣ ಎಆರ್‌ಎಂ ಬೋರ್ಡುಗಳಲ್ಲಿ ವಿಳಾಸ ಬರೆದಿಡುವ ಮೆಮೊರಿಯೇ ಇರುವುದಿಲ್ಲ, ಇದ್ದರೂ ಖಾಲಿ. ಸರಿಯಾದ ವಿಳಾಸ ಸಿಗದಾಗ ಡ್ರೈವರ್ ಒಂದನ್ನು ಆ ಹೊತ್ತಿಗೆ ತಾನೇ ಹುಟ್ಟಿಸುತ್ತದೆ. ‘ಸಿಸ್’ ಫೋಲ್ಡರಿನಲ್ಲಿ ಆ ಕಾರ್ಡಿನ ಹೆಸರಿನಡಿ ‘ಅಡ್ರ್ ಅಸೈನ್ ಟೈಪ್’ ಎಂಬ ಕಡತವಿದೆ. ಅದರಲ್ಲಿ 0 ಇದ್ದರೆ ಮೂಲ ವಿಳಾಸ, 1 ಇದ್ದರೆ ಡ್ರೈವರ್ ಹುಟ್ಟಿಸಿದ್ದು, 3 ಇದ್ದರೆ ಬೇರೊಂದು ತಂತ್ರಾಂಶ ಹಾಕಿದ್ದು. 1 ಕಂಡರೆ, ಬೂಟ್ ಆಗುವಾಗ ವ್ಯವಸ್ಥೆಯನ್ನು ಸಜ್ಜುಗೊಳಿಸುವ ಸಿಸ್ಟಮ್‌ಡಿಯ ‘ಲಿಂಕ್’ ಕಡತದಲ್ಲಿ ಖಾಯಂ ವಿಳಾಸ ಬರೆದಿಡಿ. ಆ ಕಡತ ಕಾರ್ಡನ್ನು ಗುರುತಿಸಬೇಕಾದ್ದು ಅದು ಕೂತ ಜಾಗ ಅಥವಾ ಡ್ರೈವರಿನ ಹೆಸರಿನಿಂದ. ದಿನಾ ಬದಲಾಗುವ ವಿಳಾಸವನ್ನೇ ಗುರುತಾಗಿ ಕೊಟ್ಟರೆ ಮುಂದಿನ ಬೂಟ್‌ನಲ್ಲಿ ಕಾರ್ಡೇ ಸಿಗದು.

ತಪ್ಪು ಕಲ್ಪನೆ 4: ಆದೇಶ ಕೊಟ್ಟು ಬದಲಿಸಿದ ವಿಳಾಸ ಶಾಶ್ವತ.

ಸತ್ಯ: ‘ಐಪಿ ಲಿಂಕ್ ಸೆಟ್’ ಮಾಡಿದ ಬದಲಾವಣೆ ರೀಬೂಟ್‌ವರೆಗೆ ಮಾತ್ರ. ಅದಕ್ಕೂ ಮೊದಲೇ, ಮರುಸಂಪರ್ಕವಾದಾಗ ನೆಟ್‌ವರ್ಕ್‌ಮ್ಯಾನೇಜರ್ ತನ್ನ ಸೆಟ್ಟಿಂಗಿನಂತೆ ಬೇರೆ ವಿಳಾಸ ಹೇರಬಹುದು.

ತಪ್ಪು ಕಲ್ಪನೆ 5: ಮ್ಯಾಕ್ ಬದಲಾಗದಿದ್ದರೆ ರೂಟರ್ ಅದೇ ಐಪಿ ಕೊಡುತ್ತದೆ.

ಸತ್ಯ: ಸಿಸ್ಟಮ್‌ಡಿಯ ನೆಟ್‌ವರ್ಕ್‌ಡಿ ರೂಟರಿನ ಮುಂದೆ ತನ್ನ ಗುರುತು ಹೇಳುವಾಗ ಮ್ಯಾಕ್ ಬದಲು ‘ಮಷಿನ್ ಐಡಿ’ಯಿಂದ ಹುಟ್ಟಿದ ಸಂಖ್ಯೆಯನ್ನು ಕೊಡಬಹುದು. ಹಾಗಾಗಿ ಲಿನಕ್ಸನ್ನು ಹೊಸದಾಗಿ ಹಾಕಿದಾಗ ಆ ಐಡಿ ಬದಲಾಗಿ, ಅದೇ ಕಾರ್ಡಿಗೆ ಬೇರೆ ಐಪಿ ಸಿಗಬಹುದು. ತಿರುಗಾಮುರುಗಾ ಕೂಡ ಆಗುತ್ತದೆ: ಒಂದು ವರ್ಚುವಲ್ ಮಷಿನ್ನನ್ನು ನಕಲು ಮಾಡಿದಾಗ ಐಡಿಯೂ ನಕಲಾಗಿ, ಎರಡಕ್ಕೂ ಮ್ಯಾಕ್ ಬೇರೆಯಾದರೂ ಐಪಿ ಒಂದೇ ಬಂದು ಜಗಳ ಶುರುವಾಗುತ್ತದೆ. ನಕಲಿಗೆ ಹೊಸ ಮಷಿನ್ ಐಡಿ ಮಾಡಿಸಿ, ಇಲ್ಲವೇ ಮ್ಯಾಕ್ ಆಧಾರದಲ್ಲೇ ಐಪಿ ಕೇಳುವಂತೆ ಸೆಟ್ಟಿಂಗ್ ಬದಲಿಸಿ.

ಕಚೇರಿ ಅಥವಾ ಕಾಲೇಜಿನಲ್ಲಿ ವಿಳಾಸ ನೋಂದಾಯಿಸುವಾಗಲೂ ಒಂದು ಎಚ್ಚರ ಬೇಕು. ಕೇಬಲ್ ಕಾರ್ಡಿಗೆ ಒಂದು, ವೈಫೈ ಕಾರ್ಡಿಗೆ ಇನ್ನೊಂದು ವಿಳಾಸ ಇರುತ್ತದೆ. ಸ್ಟಿಕರ್ ನೋಡಿ ಬರೆದುಕೊಡಬೇಡಿ. ಮೊದಲು ಆ ಸಂಪರ್ಕವನ್ನು ‘ಪರ್ಮನೆಂಟ್’ಗೆ ಹಾಕಿ, ಮರುಸಂಪರ್ಕಿಸಿ, ಆಮೇಲೆ ‘ಐಪಿ ಲಿಂಕ್’ ತೋರಿಸಿದ್ದನ್ನು ಕೊಡಿ.