ಗಣಿ ಮುಚ್ಚಿತು, ನಮ್ಮ ಮೋಟಾರು ಸುಡುತ್ತಲೇ ಇತ್ತು

2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಮೂರು ಸಾವಿರಕ್ಕೂ ಮಿಕ್ಕಿ ಜನ ಕೆಲಸವಿಲ್ಲದವರಾದರು. ಅವರ ಕಷ್ಟದ ಬಗ್ಗೆ ಪತ್ರಿಕೆಗಳು ಸಾಕಷ್ಟು ಬರೆದಿವೆ. ಗಣಿ ಬೇಲಿಯ ಆಚೆ ಹೊಲ ಇಟ್ಟುಕೊಂಡಿರುವ ನಮ್ಮಂಥವರು ಕಂಡದ್ದು ಬೇರೆಯೇ ಒಂದು ಮುಖ. ಅದನ್ನು ಹೇಳೋಣ ಅಂತ ಈ ಬರಹ.

ನನ್ನದು ಊರಿಗಾಂನಿಂದ ಬೇತಮಂಗಲದ ದಿಕ್ಕಿಗೆ ನಾಲ್ಕೆಕರೆ. ರಾಗಿ, ಟೊಮೆಟೊ, ಎರಡು ಸೀಮೆಹಸು. ಪಾಲಾರ್ ನದಿ ಇದೆ ಅನ್ನಬಹುದು, ಅದರಲ್ಲಿ ನೀರು ಬಂದ ವರ್ಷ ನಮಗೆ ಹಬ್ಬ. ಮಿಕ್ಕಂತೆ ಎಲ್ಲವೂ ಬೋರ್‌ವೆಲ್ ಮೇಲೆ. ಲೋ ವೋಲ್ಟೇಜಿಗೆ ಮೋಟಾರು ಸುಟ್ಟಿತು ಅನ್ನಿ. ಅದನ್ನು ಮೇಲೆತ್ತಿಸಿ, ಬಂಗಾರಪೇಟೆಗೆ ಒಯ್ದು, ಸರದಿಯಲ್ಲಿ ಕಾದು, ತಂದು ಮತ್ತೆ ಇಳಿಸುವಷ್ಟರಲ್ಲಿ ಒಂದು ವಾರ. ಬೇಸಗೆಯಲ್ಲಿ ಹೂ ಬಿಟ್ಟ ಟೊಮೆಟೊ ವಾರ ಕಾಯುತ್ತದಾ?

ಇತ್ತ ನಮ್ಮ ಪಾಡು ಹೀಗಿದ್ದಾಗ ಅತ್ತ ಲೈನ್ ಮನೆಗಳಲ್ಲಿ ಎಂಥವರಿದ್ದರು ನೋಡಿ. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಕೆಳಗಿಂದ ನೀರೆತ್ತುವ ಪಂಪು, ಜನರನ್ನು ಇಳಿಸಿ ಹತ್ತಿಸುವ ಯಂತ್ರ, ಗಾಳಿ ತಳ್ಳುವ ಕಂಪ್ರೆಸರ್ – ಇವನ್ನೆಲ್ಲ ಹಗಲೂ ರಾತ್ರಿ ನಡೆಸಿದ ಫಿಟ್ಟರು, ಎಲೆಕ್ಟ್ರಿಷಿಯನ್, ವೆಲ್ಡರುಗಳು. ಶಿವನಸಮುದ್ರದ ಕರೆಂಟು 1902ರಲ್ಲೇ ಬಂದ ಊರದು. ಮೋಟಾರು ಅವರಿಗೆ ಅಜ್ಜನ ಕಾಲದಿಂದ ಪರಿಚಯ. ನಮಗೆ ಮೋಟಾರು ಕಟ್ಟುವವರಿಲ್ಲ, ಅವರಿಗೆ ಕೆಲಸವಿಲ್ಲ. ಇವೆರಡನ್ನೂ ಜೋಡಿಸಲು ಒಂದು ತುಂಡು ವೈರು ಸಾಕಿತ್ತು!

ಸರಕಾರ ಏನೂ ಮಾಡಲಿಲ್ಲ ಅನ್ನುವ ಹಾಗಿಲ್ಲ. ಕೆಲಸ ಕಳೆದುಕೊಂಡವರ ಮರುತರಬೇತಿಗೆಂದೇ ಕೇಂದ್ರ ಸರಕಾರ 1992ರಲ್ಲಿ ರಾಷ್ಟ್ರೀಯ ನವೀಕರಣ ನಿಧಿ ಅಂತ ಮಾಡಿತ್ತು. ಅದರ ದೊಡ್ಡ ಪಾಲು ಸ್ವಯಂನಿವೃತ್ತಿಯ ಹಣ ಕೊಡುವುದಕ್ಕೇ ಹೋಯಿತು, ತರಬೇತಿಗೆ ಉಳಿದದ್ದು ಚೂರು. ನಮ್ಮ ಗಣಿ ಮುಚ್ಚಿದ ವರ್ಷವೇ ಸರಕಾರಿ ಕಂಪೆನಿಗಳಿಂದ ಹೊರಬಿದ್ದವರಿಗೆ ಸಲಹೆ, ಮರುತರಬೇತಿ, ಮರುಉದ್ಯೋಗ ಅನ್ನುವ ಇನ್ನೊಂದು ಯೋಜನೆ ಶುರುವಾಯಿತು. ಕಾಗದದ ಮೇಲೆ ಒಳ್ಳೆಯದೇ.

ಗಣಿಯಲ್ಲಿ ಪಂಪ್ ಫಿಟ್ಟರ್ ಆಗಿದ್ದ ಒಬ್ಬರು ನನಗೆ ಪರಿಚಯ. ಆಗ ಅವರಿಗೆ ನಲವತ್ತೇಳು. ಒಂದು ಕೇಂದ್ರದಲ್ಲಿ – ಹೆಸರು ಬೇಡ – ಅವರಿಗೆ ಕಂಪ್ಯೂಟರ್ ಟೈಪಿಂಗ್ ಕಲಿಸಿದರು. ಸ್ಪಾನರ್ ಹಿಡಿದು ದಪ್ಪಗಾದ ಬೆರಳು, ಒಂದು ಒತ್ತಿದರೆ ಎರಡು ಅಕ್ಷರ ಬೀಳೋದಂತೆ. ಸರ್ಟಿಫಿಕೇಟ್ ಬಂತು, ಕೆಲಸ ಬರಲಿಲ್ಲ. ಕಲಿಸಿದವರ ಪಟ್ಟಿಯಲ್ಲಿ ಅವರು ‘ತರಬೇತಿ ಪಡೆದವರು’. ಲೆಕ್ಕ ಅಲ್ಲಿಗೆ ಚುಕ್ತಾ.

ಮಗಳ ಮದುವೆ ಮುಗಿಯುವ ಹೊತ್ತಿಗೆ ಕಂಪೆನಿ ಕೊಟ್ಟ ಪರಿಹಾರದ ದುಡ್ಡೂ ಕರಗಿತ್ತು. ಒಂದು ದಿನ ನಮ್ಮ ಊರಿನ ಹಾಲಿನ ಡೈರಿ ಹತ್ತಿರ ಯಾರೋ ಸುಟ್ಟ ಮೋಟಾರನ್ನು ಗಾಡಿಗೆ ಹೇರುತ್ತಿದ್ದರು. ಇವರು ನೋಡಿ, "ಇಲ್ಲೇ ಬಿಚ್ಚಲಾ ಅಣ್ಣಾ?" ಅಂದರು. ಶುರುವಾದದ್ದು ಹಾಗೆ. ಡೈರಿ ಪಕ್ಕ ಶೀಟು ಹಾಕಿದ ಒಂದು ಚಿಕ್ಕ ಜಾಗ. ಹಳೆ ವೈಂಡಿಂಗ್ ಕತ್ತರಿಸುವ ಮುಂಚೆ ಸುತ್ತು ಎಣಿಸಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ, ವೈರಿನ ಗೇಜು ಬದಲಿಸುವುದಿಲ್ಲ. ಬೆಳಗ್ಗೆ ಕೊಟ್ಟರೆ ಮರುದಿನ ಸಂಜೆಗೆ ಮೋಟಾರು ರೆಡಿ.

ನಮಗೆ ಅದಕ್ಕಿಂತ ಲಾಭವಾದದ್ದು ಅವರ ಬೈಗುಳದಿಂದ. "ಮೋಟಾರು ಏನು ತಪ್ಪು ಮಾಡ್ತು? ನಿಮ್ಮ ಸ್ಟಾರ್ಟರ್ ಬೋರ್ಡ್ ನೋಡಿದ್ದೀರಾ?" ಅಂತ ತೋಟಕ್ಕೇ ಬಂದು ಕೇಳುತ್ತಿದ್ದರು. ಮೂರರಲ್ಲಿ ಒಂದು ಫೇಸ್ ಹೋದರೆ ತಾನೇ ಆಫ್ ಆಗುವ ಪ್ರಿವೆಂಟರ್ ಹಾಕಿಸಿದರು. ಬೋರಿನಲ್ಲಿ ನೀರು ತೀರಿ ಮೋಟಾರು ಖಾಲಿ ಓಡಿದರೂ ನಿಲ್ಲಿಸುವ ವ್ಯವಸ್ಥೆ ಮಾಡಿಸಿದರು. ಅದಾದ ಮೇಲೆ ನನ್ನ ಮೋಟಾರು ಆರು ವರ್ಷ ಮೇಲೆ ಬರಲಿಲ್ಲ. ಅವರ ವ್ಯಾಪಾರಕ್ಕೆ ನಷ್ಟ ತಾನೇ ಅಂದರೆ ನಗುತ್ತಾರೆ.

ಇಂಥದ್ದನ್ನು ಯೋಜನೆಯಾಗಿ ಮಾಡಲು ಬರುವುದಿಲ್ಲವೇ? ಬರುತ್ತದೆ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್ ಕೂಡಿ ಕಟ್ಟಿದ ರುಡ್‌ಸೆಟ್ ಸಂಸ್ಥೆಯ ಕ್ರಮ ಗೊತ್ತಲ್ಲ. ಅಲ್ಲೇ ಉಳಿದು ಕೆಲವೇ ವಾರ ಕಲಿಯುವುದು, ಆಮೇಲೆ ಎರಡು ವರ್ಷ ಬೆನ್ನು ಹತ್ತಿ ವಿಚಾರಿಸುವುದು, ಬ್ಯಾಂಕ್ ಸಾಲಕ್ಕೆ ದಾರಿ ತೋರಿಸುವುದು. ಇದನ್ನೇ ನೋಡಿ ಕೇಂದ್ರ ಸರಕಾರ 2009ರಿಂದ ಜಿಲ್ಲೆಗೊಂದು ಇಂಥ ತರಬೇತಿ ಸಂಸ್ಥೆ ಆಗಬೇಕೆಂದಿತು. ನನ್ನ ಕಣ್ಣಿಗೆ ಇದರ ಜೀವ ಇರುವುದು ಆ ಎರಡು ವರ್ಷದಲ್ಲಿ. ನಮ್ಮ ಫಿಟ್ಟರಿಗೆ 2001ರಲ್ಲಿ ಬೇಕಿದ್ದದ್ದು ಹೊಸ ವಿದ್ಯೆಯಲ್ಲ, ಸುತ್ತಲ ಹಳ್ಳಿಗಳ ವಿಳಾಸ ಮತ್ತು ಒಂದು ಸಣ್ಣ ಸಾಲ.

ಅದು ಸಿಗದ ಉಳಿದವರನ್ನು ಸಾಕಿದ್ದು ರೈಲು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂನಿಂದ ಕತ್ತಲಲ್ಲೇ ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ, ರಾತ್ರಿ ಮನೆಗೆ. ಸೀಜನ್ ಪಾಸೇ ಅವರ ಉದ್ಯೋಗ ಯೋಜನೆ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನಿನಲ್ಲಿ ಆ ರೈಲೂ ನಿಂತಿತು. ಆಗ ನಮ್ಮ ಪಂಚಾಯತಿಯಲ್ಲಿ ಉದ್ಯೋಗ ಖಾತರಿ ಕೆಲಸ ನಡೆಯಿತು, ದಿನಕ್ಕೆ 275 ರೂಪಾಯಿ. ನನ್ನ ಕೊಟ್ಟಿಗೆಯೂ ಅದರಲ್ಲೇ ಆಯಿತು. ಆದರೆ 2005ರ ಆ ಕಾಯ್ದೆ ಹಳ್ಳಿಗೆ ಮಾತ್ರ ಇತ್ತು. ಗಣಿ ಲೈನಿನವರು ನಗರಸಭೆಯ ಲೆಕ್ಕಕ್ಕೆ ಬರುವವರು, ಅವರಿಗೆ ಜಾಬ್ ಕಾರ್ಡ್ ಇರಲಿಲ್ಲ. ನನ್ನ ಬದುವಿನಿಂದ ಸೈನೈಡ್ ಗುಡ್ಡ ಕಾಣುತ್ತದೆ. ಬದುವಿನ ಈಚೆಯವನಿಗೆ ಕೂಲಿ, ಗುಡ್ಡದ ಬುಡದವನಿಗೆ ಇಲ್ಲ. ಟೊಮೆಟೊ ಕೀಳಲು ಬರುತ್ತೇವೆ ಅಂತ ಅಲ್ಲಿಂದ ಪದವಿ ಓದಿದ ಹುಡುಗರು ಬಂದರು. ಕೊಡಲು ನನ್ನ ಹತ್ತಿರ ನಾಲ್ಕು ದಿನದ ಕೆಲಸ ಇತ್ತು ಅಷ್ಟೇ.

ಅವರಲ್ಲಿ ಇಬ್ಬರನ್ನು ಫಿಟ್ಟರ್ ತಮ್ಮ ಶೀಟಿನ ಕೆಳಗೆ ಕೂರಿಸಿಕೊಂಡರು. ಒಬ್ಬ ಈಗ ಸುತ್ತಲ ಹಳ್ಳಿಗಳಿಗೆ ಡ್ರಿಪ್ ಜೋಡಿಸುತ್ತಾನೆ, ಫೋನ್ ಮಾಡಿದರೆ ಮೂರು ದಿನ ಬಿಟ್ಟು ಬರುವಷ್ಟು ಬಿಜಿ. ಇನ್ನೊಬ್ಬ, ಕೈ ಚುರುಕು ಇದ್ದವನೇ, ರೈಲು ಶುರುವಾದ ತಿಂಗಳು ಬೆಂಗಳೂರಿಗೆ ಹೊರಟ. ಮೋಟಾರು ಕಟ್ಟುವವನಿಗೆ ಹೆಣ್ಣು ಕೊಡುವುದಿಲ್ಲ ಅಂದರಂತೆ. ಅವನ ಜಾಗ ಖಾಲಿ ಇದೆ. ಎಪ್ಪತ್ತು ದಾಟಿದ ಫಿಟ್ಟರು ನೋಟುಬುಕ್ಕು ಹಿಡಿದು ಇನ್ನೊಬ್ಬ ಹುಡುಗನನ್ನು ಹುಡುಕುತ್ತಿದ್ದಾರೆ.