ಮುಂಗಾರನ್ನು ಓದುವ ಶಿಷ್ಯರು

ಕಳೆದ ವೈಶಾಖದಲ್ಲಿ ನಮ್ಮ ಹಳೆಯ ಮಿತ್ರರೊಬ್ಬರು ಮನೆಗೆ ಬಂದವರು ಕಾಫಿಯನ್ನು ಮುಗಿಸಿದ ಮೇಲೂ ಏಳದೆ ಕುಳಿತಿದ್ದರು. ಅವರ ಎರಡನೆಯ ಮಗಳು ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳಿಂದ ತೇರ್ಗಡೆ ಹೊಂದಿದ್ದಳು. ಉದ್ಯೋಗವೂ ದೊರೆಯುವಂತಿದ್ದಿತು. ಆದರೆ ಹುಡುಗಿ ವಾಯುಮಂಡಲದ ವಿಷಯದಲ್ಲಿ ಪಿಎಚ್.ಡಿ. ಮಾಡುವೆನೆಂದು ಹಟ ಹಿಡಿದಿದ್ದಳು. “ಮೋಡವನ್ನು ನೋಡುವುದಕ್ಕೆ ಐದಾರು ವರ್ಷ ಬೇಕೇ ಸ್ವಾಮಿ? ನಮ್ಮ ತಂದೆಯವರು ಪಂಚಾಂಗ ಬಿಚ್ಚಿ, ಆರಿದ್ರ ಹೇಗೆ, ಪುನರ್ವಸು ಹೇಗೆ ಎಂಬುದನ್ನು ಅರ್ಧ ಗಳಿಗೆಯಲ್ಲಿ ಹೇಳಿಬಿಡುತ್ತಿದ್ದರು” ಎಂದರು. ಹೇಳಿದ ಮಳೆ ಹೇಳಿದ ಹಾಗೆ ಬರುತ್ತಿತ್ತೇ ಎಂದು ನಾವು ಕೇಳಲಿಲ್ಲ.

ಈ ಪ್ರಶ್ನೆ ಅನೇಕ ಮನೆಗಳಲ್ಲಿ ಏಳತಕ್ಕದ್ದಾದುದರಿಂದ, ಅಂದು ನಾವು ಅವರಿಗೆ ಹೇಳಿದುದನ್ನೂ, ಹೇಳಲು ಮರೆತುದನ್ನೂ ವಾಚಕರ ಮುಂದಿಡುತ್ತೇವೆ.

ಬೆಂಗಳೂರಿನ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಮಂದಿರದಲ್ಲಿ 1982ರಲ್ಲಿ ವಾಯುಮಂಡಲ ವಿಜ್ಞಾನಕ್ಕಾಗಿ ಒಂದು ಕೇಂದ್ರವು ಸ್ಥಾಪಿತವಾಯಿತು. ಕಡಲನ್ನು ಬಿಟ್ಟು ಮಳೆಯನ್ನು ತಿಳಿಯಲಾಗದಾದುದರಿಂದ, ಮುಂದೆ ಸಾಗರ ವಿಜ್ಞಾನವೂ ಅದರ ಹೆಸರಿನೊಳಗೆ ಸೇರಿತು. ಅದನ್ನು ಕಟ್ಟಿದವರಲ್ಲಿ ಶ್ರೀಮತಿ ಸುಲೋಚನಾ ಗಾಡ್ಗೀಳರು ಪ್ರಮುಖರು. ಪುಣೆಯಲ್ಲಿ ಹುಟ್ಟಿದ ಆಕೆ 1970ರಲ್ಲಿ ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪಡೆದು, ಮರುವರ್ಷ ತಾಯ್ನಾಡಿಗೆ ಮರಳಿ, 1973ರಲ್ಲಿ ವಿಜ್ಞಾನ ಮಂದಿರವನ್ನು ಸೇರಿದರು.

ಇಲ್ಲಿಗೆ ಬರುವ ಶಿಷ್ಯರಲ್ಲಿ ಹವೆಯ ಶಾಸ್ತ್ರವನ್ನು ಮೊದಲೇ ಓದಿ ಬಂದವರು ವಿರಳ. ಒಬ್ಬನು ಯಂತ್ರಶಾಸ್ತ್ರ, ಒಬ್ಬಳು ಭೌತಶಾಸ್ತ್ರ, ಮತ್ತೊಬ್ಬನು ಬರಿಯ ಗಣಿತ. ಆದಕಾರಣ ದೊಡ್ಡ ಪದವಿ ಪಡೆದವರೂ ಮೊದಲು ಪುನಃ ಪಾಠಕ್ಕೆ ಕೂರಬೇಕು. ತಿರುಗುವ ಭೂಮಿಯ ಮೇಲೆ ಗಾಳಿಯು ನೇರವಾಗಿ ಬೀಸದೆ ಓರೆಯಾಗುವುದೇಕೆ, ಆವಿಯು ಹನಿಯಾಗುವಾಗ ಬಿಡುವ ಶಾಖವು ಮೋಡವನ್ನು ಇನ್ನೂ ಮೇಲಕ್ಕೆ ಒಯ್ಯುವುದು ಹೇಗೆ ಎಂಬುದೆಲ್ಲ ಅಲ್ಲಿ ಆರಂಭವಾಗುವುದು. ಬಳಿಕ ಒಂದು ಸಮಗ್ರ ಪರೀಕ್ಷೆ. ಆಚಾರ್ಯರ ಎದುರಿಗೆ ನಿಂತು ಉತ್ತರ ಹೇಳುತ್ತ ಹೋಗಬೇಕು. ತನಗೆ ತಿಳಿಯದುದು ಯಾವುದೆಂಬುದು ಅಂದು ಅನೇಕರಿಗೆ ಮೊದಲ ಬಾರಿ ತಿಳಿಯುವುದು.

ಇಷ್ಟಾದರೂ ಐದಾರು ವರ್ಷವೇಕೆ? ರಸಾಯನಶಾಲೆಯ ವಿದ್ಯಾರ್ಥಿಯು ಬೆಳಿಗ್ಗೆ ಕೆಟ್ಟ ಪ್ರಯೋಗವನ್ನು ಮಧ್ಯಾಹ್ನ ಮತ್ತೆ ಮಾಡಿ ನೋಡಬಹುದು. ಮುಂಗಾರು ಬರುವುದು ವರ್ಷಕ್ಕೊಮ್ಮೆ. ಐದು ವರ್ಷ ದುಡಿದ ಶಿಷ್ಯನು ಕಂಡುದು ಐದೇ ಮುಂಗಾರು. ಅವುಗಳಲ್ಲಿ ಒಂದು ಮತ್ತೊಂದರಂತಿರುವುದಿಲ್ಲ. 2002ರ ಜುಲೈ ತಿಂಗಳಿನಲ್ಲಿ ದೇಶದ ಒಟ್ಟು ಮಳೆಯು ವಾಡಿಕೆಯ ಅರ್ಧದಷ್ಟಕ್ಕೆ ಇಳಿಯಿತು. ಯಾವ ಮುನ್ಸೂಚನೆಯೂ ಅದನ್ನು ಮೊದಲೇ ಹೇಳಿರಲಿಲ್ಲ. ಅಂತಹ ಜುಲೈಯನ್ನು ಪರೀಕ್ಷಿಸಬೇಕು, ಮತ್ತೊಮ್ಮೆ ಬಾ ಎಂದರೆ ಬರುವುದಿಲ್ಲ, ಬರುವುದೂ ಬೇಡ.

ಅದರಿಂದಲೇ ಮಳೆಯು ಹುಟ್ಟುವೆಡೆಗೆ ತಾವೇ ಹೋಗುವುದು ಈ ವಿದ್ಯೆಯಲ್ಲಿ ಅವಶ್ಯಕವಾಯಿತು. ಕಡಲಿನ ಮೇಲ್ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಲ್ಲಿ ಎತ್ತರದ ಮೋಡಗಳು ಏಳುವ ಸಂಭವ ಹೆಚ್ಚೆಂಬುದನ್ನು ಗಾಡ್ಗೀಳರೂ ಅವರ ಜೊತೆಗಾರರೂ 1984ರಲ್ಲಿ ತೋರಿಸಿದ್ದರು. ಬಂಗಾಳ ಕೊಲ್ಲಿಯೋ ಮುಂಗಾರಿನಲ್ಲಿಯೂ ಅಷ್ಟು ಬೆಚ್ಚಗಿರುವ ಕಡಲು. 1999ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ‘ಸಾಗರ ಕನ್ಯಾ’ ಮೊದಲಾದ ಹಡಗುಗಳು ಆ ಕೊಲ್ಲಿಯಲ್ಲಿ ನಿಂತವು. ಹಡಗಿನಿಂದ ಬೆಲೂನುಗಳು ಮೇಲೇರಿ, ತಾವು ಹೊತ್ತ ಸಣ್ಣ ಪೆಟ್ಟಿಗೆಯ ಮೂಲಕ ಗಾಳಿಯ ಬಿಸಿ ತೇವಗಳನ್ನು ರೇಡಿಯೋದಲ್ಲಿ ಕೆಳಕ್ಕೆ ಹೇಳುತ್ತಿದ್ದವು. ಇಂತಹ ಯಾತ್ರೆಗಳಲ್ಲಿ ಶಿಷ್ಯರೂ ಪಾಲುಗೊಳ್ಳುವುದುಂಟು. ಮನೆಯಿಂದ ದೂರ, ಹೊಯ್ದಾಡುವ ನೆಲ, ಸರಿರಾತ್ರಿಯಲ್ಲಿ ಎದ್ದು ಬೆಲೂನು ಬಿಡುವ ಸರದಿ. ವಾಂತಿ ಮಾಡಿಕೊಳ್ಳುತ್ತಲೇ ಲೆಕ್ಕ ಬರೆದಿಡಬೇಕು.

ಆದರೆ ಅಲ್ಲಿ ಕಲಿಯುವುದು ಪುಸ್ತಕದಲ್ಲಿ ಸಿಕ್ಕುವುದಲ್ಲ. ಬಿಸಿಲಿಗೆ ಒಡ್ಡಿದ ಉಷ್ಣಮಾಪಕವು ಗಾಳಿಯ ಬಿಸಿಯನ್ನು ಹೇಳದೆ ತನ್ನ ಮೈಬಿಸಿಯನ್ನೇ ಹೇಳುವುದು. ಕಾದ ಹಡಗು ತನ್ನ ಸುತ್ತಲಿನ ಗಾಳಿಯನ್ನೂ ಕಾಯಿಸುವುದು. ಮೋಡದೊಳಗೆ ಹೊಕ್ಕು ತೊಯ್ದ ಉಪಕರಣವು ಹೊರಬಂದ ಮೇಲೂ ಕೆಲವು ಹೊತ್ತು ತೇವವೆಂದೇ ಸಾರುವುದು. ಇಂದು ಈ ಶಾಸ್ತ್ರದ ಬಹುಭಾಗ ಕಂಪ್ಯೂಟರಿನ ಮುಂದೆ ನಡೆಯುತ್ತಿದೆ. ಅದು ತಪ್ಪಲ್ಲ, ಇಡೀ ಭೂಮಿಯ ಗಾಳಿಯನ್ನು ಬೇರೆ ಬಗೆಯಲ್ಲಿ ಎಣಿಸಲಾಗದು. ಆದರೂ ಒಂದು ಅಂಕಿಯನ್ನಾದರೂ ತನ್ನ ಕೈಯಾರೆ ಆಕಾಶದಿಂದ ಇಳಿಸಿಕೊಳ್ಳದವನಿಗೆ ಆ ಪದವಿಯನ್ನು ಕೊಡಕೂಡದೆಂದು ನಮ್ಮ ಅಭಿಪ್ರಾಯ. ಇದು ವಿಜ್ಞಾನ ಮಂದಿರದ ನಿಯಮವಲ್ಲ, ನಮ್ಮ ಹಟ.

ಈ ಹಟಕ್ಕೆ ಕಾರಣ ಅನ್ನಾ ಮಣಿಯವರು. 1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದ ಈಕೆ 1940ರಲ್ಲಿ ಇದೇ ವಿಜ್ಞಾನ ಮಂದಿರಕ್ಕೆ ಬಂದು, ಸರ್ ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ವಜ್ರಗಳ ಹೊಳಪನ್ನು ಅಭ್ಯಾಸ ಮಾಡಿದರು. ಒಂದೊಂದು ಛಾಯಾಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆಗಳ ಕಾಲ ಬೆಳಕು ಬೀಳಬೇಕಾಗಿದ್ದುದರಿಂದ ಎಷ್ಟೋ ರಾತ್ರಿಗಳನ್ನು ಅಲ್ಲಿಯೇ ಕಳೆದರು. ಐದು ಲೇಖನಗಳು ಪ್ರಕಟವಾದವು. 1945ರಲ್ಲಿ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣದಿಂದ ಪಿಎಚ್.ಡಿ. ದೊರೆಯಲಿಲ್ಲ. ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಹೋದರು. ಬಯಸಿದ್ದು ಭೌತಶಾಸ್ತ್ರ, ದೊರೆತುದು ಹವೆಯನ್ನು ಅಳೆಯುವ ಉಪಕರಣಗಳ ಶಿಕ್ಷಣ. 1948ರಲ್ಲಿ ಮರಳಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿ, ವಿದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲಿಯೇ ತಯಾರಿಸುವಂತೆ ಮಾಡಿದರು. ತಪ್ಪು ಅಳತೆಗಿಂತ ಅಳೆಯದಿರುವುದೇ ಮೇಲೆಂಬುದು ಆಕೆಯ ನಂಬಿಕೆಯಾಗಿದ್ದಿತು. 2001ರಲ್ಲಿ ತೀರಿಕೊಳ್ಳುವವರೆಗೂ ಆ ಪದವಿ ಅವರ ಹೆಸರಿಗೆ ಸೇರಲಿಲ್ಲ. ಪದವಿವಂಚಿತವಾದ ಆ ಪ್ರಬಂಧವನ್ನು ಬೆಂಗಳೂರಿನ ರಾಮನ್ ಸಂಶೋಧನಾ ಮಂದಿರದಲ್ಲಿ ಉಳಿಸಿಕೊಂಡಿದ್ದಾರೆ.

ಮಿತ್ರರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದೆಲ್ಲ ಸರಿ, ನಮ್ಮ ಊರಿಗೆ ಏನು ಬಂತು?” ಎಂದರು. ಅವರದು ಪಾವಗಡದ ಸೀಮೆ. ಉತ್ತರ ಅಲ್ಲಿಯೇ ಇದ್ದಿತು. ಆ ಕಡೆ ಹಿಂದೆ ಸಿರಿಧಾನ್ಯ, ಬೇಳೆಕಾಳುಗಳ ಮಿಶ್ರ ಬೆಳೆಯಿದ್ದು, ಕೆಲವು ದಶಕಗಳೊಳಗಾಗಿ ಹೊಲವೆಲ್ಲ ಕಡಲೆಕಾಯಿಯಾಯಿತು. ತಾತಂದಿರ ಮಳೆಯ ತಿಳಿವಳಿಕೆ ಹಳೆಯ ಬೆಳೆಗೆ ಹೊಂದಿದ್ದಿತೇ ಹೊರತು ಹೊಸದಕ್ಕಲ್ಲ. ಗಾಡ್ಗೀಳರೂ ಜೊತೆಗಾರರೂ ಆ ರೈತರೊಡನೆ ಕುಳಿತು, ಬಹು ವರ್ಷಗಳ ಮಳೆಯ ದಾಖಲೆ ಹಿಡಿದು, ಬಿತ್ತನೆಯ ದಿನವನ್ನು ಹಿಂದುಮುಂದು ಮಾಡಿದರೆ ಇಳುವರಿ ಎಷ್ಟು ಬದಲಾಗುವುದೆಂದು ಲೆಕ್ಕ ಹಾಕಿದರು. ಏನನ್ನು ಲೆಕ್ಕ ಹಾಕಬೇಕೆಂಬುದನ್ನು ರೈತರನ್ನೇ ಕೇಳಿ ತಿಳಿದರೆಂಬುದು ನಮಗೆ ಹೆಚ್ಚು ಮೆಚ್ಚಿಗೆಯಾದ ಸಂಗತಿ.

ಸಂಸಾರಸ್ಥರಾದ ಮಿತ್ರರು ಹಣದ ಮಾತನ್ನೂ ಎತ್ತಿದರು. ಕೇಂದ್ರ ಸರ್ಕಾರದ ಸಂಶೋಧನಾ ವೇತನವನ್ನು 2023ರಲ್ಲಿ ಮೊದಲೆರಡು ವರ್ಷಗಳಿಗೆ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ಎಂದು ಗೊತ್ತುಮಾಡಿದರು; ಮನೆಬಾಡಿಗೆಯ ಭತ್ಯ ಬೇರೆ. ಇಂಜಿನಿಯರಳ ಸಂಬಳಕ್ಕೆ ಇದು ಸಾಟಿಯಲ್ಲವೆಂಬುದನ್ನು ನಾವು ಮುಚ್ಚಿಡಲಿಲ್ಲ. ಮುಗಿಸಿದ ಮೇಲೆ ಉದ್ಯೋಗ ತಾನಾಗಿ ಬರುವುದೆಂಬ ಭರವಸೆಯನ್ನೂ ಕೊಡಲಿಲ್ಲ.

ಅವರು ಕೊಡೆಯನ್ನು ಎತ್ತಿಕೊಂಡು ಬಾಗಿಲವರೆಗೆ ಹೋದವರು ಹಿಂದಿರುಗಿ ನಿಂತರು. “ಆ ಹಡಗಿನಲ್ಲಿ ಹುಡುಗಿಗೆ ಸಾರು ಅನ್ನ ಸಿಕ್ಕುವುದೇ?” ಎಂದು ಕೇಳಿದರು.